ಬಹುವಚನ

ನಲವತ್ತೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಹೆಂಡತಿ ಹೊಸ್ತಿಲ ಮೇಲೆ ನಿಂತು, ತನ್ನ ಚೀಲ ಹಿಡಿದು ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ, “ತುಂಬಾ ಉಪಕಾರ ಆಯ್ತು. ನೀವೂ ಒಳಗೆ ಬನ್ನಿ, ಚಹಾ ಕುಡ್ಕೊಂಡು ಹೋಗೋರಂತೆ” ಅಂದಳು.

ಗಂಡ ನಕ್ಕ. ಹಿಂದಿನಿಂದ ಬರುತ್ತಿದ್ದ ಹದಿನೈದರ ಮಗಳೂ ನಕ್ಕಳು.

ನಗುವ ಮಾತೇ. ಗಂಡ ಹೆಂಡತಿ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಅವಳು ಒಂದು ತರಗತಿ ಮುಂದೆ, ಒಂದು ಗೇಣು ಎತ್ತರ, ಮಾತಿನಲ್ಲಿ ಹತ್ತು ಪಾಲು ಹೆಚ್ಚು. ಆಗ ಅವನಿಗೆ ಹಚ್ಚಿದ ‘ಲೋ’ ಮದುವೆಯಾಗಿ ಹದಿನೆಂಟು ವರ್ಷವಾದರೂ ಬಿಟ್ಟುಹೋಗಿರಲಿಲ್ಲ. ‘ಲೋ, ಆ ಅಂಗಿ ಬಿಚ್ಚಿ ಹಾಕು’, ‘ಎಲ್ಲಿ ಸತ್ತಿದ್ದೆ ಇಷ್ಟೊತ್ತು’, ‘ತಿನ್ನು, ತಟ್ಟೆ ನೋಡ್ತಾ ಕೂರಬೇಡ’. ಅವನ ತಾಯಿಗೆ ಮಾತ್ರ ಇದು ಮೊದಲ ದಿನದಿಂದಲೂ ಬಾಯಲ್ಲಿಟ್ಟ ಬಿಸಿತುಪ್ಪ. ಕಟ್ಟಿಕೊಂಡ ಗಂಡನಿಗೆ ಏಕವಚನವೇ, ನಾಲ್ಕು ಜನ ಕೇಳಿದರೆ ಏನಂದಾರು ಎಂದು ಹೇಳಿ ಹೇಳಿ ಮುದುಕಿ ನಾಲಿಗೆ ಸವೆಸಿಕೊಂಡಿದ್ದಳು. ಬಾಗಿಲಲ್ಲಿ ನಿಂತಿದ್ದ ಆಕೆ ಈಗ, “ಆಸ್ಪತ್ರೆಯವರು ಒಳ್ಳೇ ಔಷಧಿ ಕೊಟ್ಟಿದ್ದಾರೆ. ನನ್ನ ಸೊಸೆಗೆ ಬಹುವಚನ ಬಂತು” ಅಂದಳು.

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಮಗಳ ತಲೆ ನೇವರಿಸಿ, ಎಷ್ಟು ಸೊರಗಿದ್ದೀಯೇ ಅಂದಳು. ಆಮೇಲೆ ಮನೆಯೊಳಗೆಲ್ಲ ಒಮ್ಮೆ ಕಣ್ಣಾಡಿಸಿ, ಅವನೆಲ್ಲಿ, ಅವನನ್ನು ಇನ್ನೂ ಬಿಟ್ಟಿಲ್ಲವೇ ಎಂದು ಕೇಳಿದಳು. ಗಂಡನ ಕೈಯಲ್ಲಿ ಅವಳ ಚೀಲ ಹಾಗೇ ಇತ್ತು.

ಅವಳು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದವಳು. ಆ ವರ್ಷ ಊರಿಗೆ ಬಂದ ಜ್ವರಕ್ಕೆ ವೈದ್ಯರು ಒಂದು ಉದ್ದನೆಯ ಹೆಸರು ಹೇಳುತ್ತಿದ್ದರು, ಜನ ರಕ್ತಜ್ವರ ಅನ್ನುತ್ತಿದ್ದರು. ಮೈಕೈ ನೋವಿನಲ್ಲಿ ಶುರುವಾಗಿ ಒಸಡು, ಮೂಗು, ಚರ್ಮದ ಅಡಿ ಎಲ್ಲೆಂದರಲ್ಲಿ ರಕ್ತ ಒಸರಿಸುವ ಜ್ವರ. ರೋಗಿಗಳ ಹಾಸಿಗೆಬಟ್ಟೆ ಹಳದಿ ಚೀಲದಲ್ಲಿ ಬಾಯಿ ಕಟ್ಟಿಕೊಂಡು ಲಾಂಡ್ರಿಗೆ ಇಳಿಯುತ್ತಿತ್ತು. ಒಂದು ಚೀಲ ಹರಿದಿತ್ತು, ಅಷ್ಟೇ. ಅವಳನ್ನು ಒಳಗೆ ಸೇರಿಸಿಕೊಂಡ ದಿನವೇ ಗಂಡನನ್ನೂ ಇಪ್ಪತ್ತೊಂದು ದಿನಕ್ಕೆಂದು ಬೇರೆ ಕಟ್ಟಡದಲ್ಲಿ ಕೂಡಿಹಾಕಿದ್ದರು. ಅವನಿಗೆ ಏನೂ ಬರಲಿಲ್ಲ, ಹೊರಗೆ ಬಂದ. ಅಷ್ಟರಲ್ಲಿ ಅವಳು ಒಂಬತ್ತು ದಿನ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿ ಎದ್ದಿದ್ದಳು, ಜ್ವರ ಮಿದುಳಿಗೂ ಹೋಗಿಬಂದಿತ್ತು. ಆಮೇಲೆ ಅವನು ಅವಳನ್ನು ನೋಡಿದ್ದೆಲ್ಲ ಗಾಜಿನ ಆಚೆಯಿಂದ, ತಲೆಯಿಂದ ಕಾಲಿನವರೆಗೆ ಬಿಳಿ ದಿರಿಸು ತೊಟ್ಟು, ಗಾಜಿನ ಎರಡೂ ಕಡೆ ನೇತುಹಾಕಿದ್ದ ಫೋನಿನಲ್ಲಿ ಮಾತಾಡಿ. ಹಾಗಾಗಿ ಅವನನ್ನೂ ಇನ್ನೂ ಒಳಗೇ ಇಟ್ಟಿದ್ದಾರೆ ಎಂದು ಅವಳು ತಿಳಿದಿದ್ದಳು.

ಅವಳಿಗೆ ವೈದ್ಯರು ಸದ್ದಿಲ್ಲದ ನಿದ್ದೆ ಬರೆದುಕೊಟ್ಟಿದ್ದರು. ಹಾಗಾಗಿ ಅವನು ತನ್ನ ದಿಂಬು ಎತ್ತಿಕೊಂಡು ಬೀದಿ ಕಡೆಯ ಚಿಕ್ಕ ಕೋಣೆಗೆ ಹೋಗಿದ್ದ. ಮೂರನೆಯ ದಿನ ಅವಳು ಅಡಿಗೆಮನೆಯಲ್ಲಿ ಅತ್ತೆಯನ್ನು ಮೆಲ್ಲಗೆ ಕೇಳಿದಳು, ಮುಂದಿನ ಕೋಣೆಯಲ್ಲಿರೋ ಅವರು ಯಾರು, ಯಾಕೆ ಇನ್ನೂ ಹೋಗಿಲ್ಲ ಅಂತ. ಮುದುಕಿಯ ಎದುರು ಒಲೆಯ ಮೇಲೆ ಹಾಲಿನ ಪಾತ್ರೆ. ಹಾಲು ಉಕ್ಕುತ್ತಿತ್ತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

“ಅವರಾ? ಬಾಡಿಗೆಗೆ ಇದ್ದಾರೆ ಕಣೇ.”

“ಬಾಡಿಗೆ ಸರಿಯಾಗಿ ಕೊಡ್ತಾರಾ?”

“ಮುಂಚೇನೇ ಕೊಡ್ತಾರೆ ಪಾಪ.”

ಹಾಲು ಉಳಿಯಿತು, ಮಗ ಬಾಡಿಗೆಯವನಾದ. ಒಂದು ಸುಳ್ಳಿಗೆ ನೂರು ಸುಳ್ಳು ಹೆಗಲು ಕೊಡಬೇಕು ಅಂತಾರೆ. ಈ ಮನೆಯಲ್ಲಿ ಅದಕ್ಕೆ ಹೆಗಲು ಕೊಡಬೇಕಾದವರು ಮೂರೇ ಜನ.

ಊಟದ ಮೇಜಿನಲ್ಲಿ ಅವಳು ಮೊದಲು ಅವನಿಗೇ ಬಡಿಸುತ್ತಿದ್ದಳು. ಕೈ ನಡುಗುತ್ತಿತ್ತು, ಸೌಟಿನಿಂದ ಮೊಟ್ಟೆಯ ಪಲ್ಯ ಅರ್ಧ ತಟ್ಟೆಗೂ ಅರ್ಧ ಮೇಜಿಗೂ ಬೀಳುತ್ತಿತ್ತು. “ಸಂಕೋಚ ಮಾಡ್ಕೋಬೇಡಿ, ಹಾಕಿಸ್ಕೊಳ್ಳಿ” ಅನ್ನುವಳು. ಅವನು ಹಾಕಿಸಿಕೊಳ್ಳುವನು. ಆಮೇಲೆ ಇನ್ನೊಂದು ತಟ್ಟೆಗೆ ಗಂಡನ ಪಾಲು ಹಾಕಿ, ಮೇಲೊಂದು ತಟ್ಟೆ ಬೋರಲು ಮುಚ್ಚಿಟ್ಟು, ಎಷ್ಟೊತ್ತಿಗೆ ಬಿಡ್ತಾರೋ ಏನೋ, ಹಸ್ಕೊಂಡು ಬರ್ತಾನೆ ಅನ್ನುವಳು. ಬೆಳಿಗ್ಗೆ ಮುದುಕಿ ಅದನ್ನೇ ಮಗನ ಡಬ್ಬಿಗೆ ಸುರಿದು ಕಳಿಸುತ್ತಿದ್ದಳು. ಇಬ್ಬರ ಊಟ ಒಂದೇ ಹೊಟ್ಟೆಗೆ ಬೀಳುತ್ತಿದ್ದರೂ ಆ ಹೊಟ್ಟೆ ದಿನೇ ದಿನೇ ಒಳಗೇ ಹೋಗುತ್ತಿತ್ತು.

ಮಗಳ ಪಾಡು ಇನ್ನೊಂದು ಥರ. ಅಮ್ಮನ ಎದುರು ಅಪ್ಪನನ್ನು ಅಪ್ಪ ಅನ್ನುವ ಹಾಗಿಲ್ಲ, ಬೇರೆ ಏನೂ ಅನ್ನಲು ಅವಳಿಗೆ ಬಾಯಿ ಬರದು. ಹಾಗಾಗಿ ಗಾಳಿಗೆ ಮಾತಾಡುತ್ತಿದ್ದಳು. “ಉಪ್ಪು ಬೇಕಾದವರು ಕೇಳಿ ತಗೋಬೇಕು” ಅನ್ನುವಳು. “ಸ್ನಾನಕ್ಕೆ ಹೋಗಬೇಕಾದವರು ಬೇಗ ಹೋದ್ರೆ ಬಿಸಿನೀರು ಇರುತ್ತೆ.”

ಎಲ್ಲರೂ ಸೇರಿ ಅವಳನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯೆ ಕೊಂಚ ವಯಸ್ಸಾದ ಹೆಂಗಸು, ಅವಸರವಿಲ್ಲದವಳು. ಹೆಂಡತಿಯನ್ನು ಹೊರಗೆ ಕೂರಿಸಿ ಉಳಿದವರಿಗೆ ಹೇಳಿದಳು. ಮುಖ ಕಾಣುತ್ತದೆ, ಮುಖ ಕಂಡಾಗ ಒಳಗೆ ಆಗಬೇಕಾದ್ದು ಆಗುತ್ತಿಲ್ಲ. ಮೂಗು ಅದೇ, ಹಣೆ ಅದೇ, ಆದರೂ ನಮ್ಮವನು ಅನ್ನಿಸುವುದಿಲ್ಲ, ಅದಕ್ಕೇ ಇವನು ಅವನಲ್ಲ ಎಂದು ಮಿದುಳು ತೀರ್ಮಾನ ಮಾಡಿಬಿಡುತ್ತದೆ. ಇಂಥ ಜ್ವರಗಳಾದ ಮೇಲೆ ಕೆಲವರಿಗೆ ಕೈ ನಡುಕ, ಕೆಲವರಿಗೆ ಕಿವಿಯಲ್ಲಿ ಸದ್ದು, ಅಪರೂಪಕ್ಕೆ ಇದು. ಸರಿಹೋದರೂ ಹೋದೀತು, ಹೋಗದೆಯೂ ಇದ್ದೀತು. ತುಂಬ ಹತ್ತಿರದವರ ಮೇಲೇ ಹೀಗಾಗುವುದು ಹೆಚ್ಚು.

ಮುದುಕಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದಳು. ಮಗ ಕಾರಣ ಕೇಳಿದ. “ನನ್ನನ್ನ ನೋಡಿದ ತಕ್ಷಣ ಗುರುತು ಹಿಡಿದಳಲ್ಲಪ್ಪ. ಅಂದ್ರೆ ನಾನು ದೂರದವಳು ಅಂತಾಯ್ತು” ಅಂದಳು.

ಮಧ್ಯಾಹ್ನಗಳು ಉದ್ದವಾದವು. ಗಡಿಯಾರದ ಟಿಕ್ ಟಿಕ್ ಅವಳ ತಲೆಗೆ ಬಡಿಯುತ್ತದೆಂದು ಅದನ್ನು ಇಳಿಸಿ ಬೀರುವಿನೊಳಗೆ ಇಟ್ಟಿದ್ದರು. ಮನೆಯಲ್ಲಿ ಎಷ್ಟು ಗಂಟೆಯಾಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಚಪ್ಪಲಿಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ, ಕಿಟಕಿಗೆ ಕಟ್ಟಿದ ನೀಲಿ ಪರದೆಯಿಂದಾಗಿ ಹಾಲ್ ಎಲ್ಲ ತಿಳಿ ನೀಲಿ. ಅದರಲ್ಲಿ ಅವಳು ಕಾಲ್ಬೆರಳ ಮೇಲೆ ನಡೆದವಳಂತೆ ಓಡಾಡುವಳು, ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗುವಳು, ಎದ್ದು ಕನಸನ್ನು ಪೇಪರಿನ ಸುದ್ದಿ ಹೇಳಿದ ಹಾಗೆ ಹೇಳುವಳು. ವಾರ್ಡು ಒಂದು ದಿನ ನೀರಿನ ಮೇಲೆ ತೇಲಿಕೊಂಡು ಹೋಯಿತಂತೆ, ಕಿಟಕಿಯಲ್ಲಿ ಊರುಗಳು ಹಾಯುತ್ತಿದ್ದವಂತೆ. ಎಲ್ಲ ಹಾಸಿಗೆಗಳ ಬಿಳಿ ಬಟ್ಟೆ ಬಿಚ್ಚಿ ಪಟ ಕಟ್ಟಿದ್ದರಂತೆ. “ಅವನು ದಡದಲ್ಲಿ ನಿಂತಿದ್ದ. ಕೂಗಿದೆ, ಬರಲಿಲ್ಲ. ಈಜು ಬರಲ್ಲ ಅವನಿಗೆ” ಅಂದಳು ಒಮ್ಮೆ ಬಾಡಿಗೆಯವನ ಹತ್ತಿರ. ಅವನಿಗೆ ಈಜು ಬರುತ್ತಿರಲಿಲ್ಲ, ನಿಜ. ಕೇಳಿಸಿಕೊಂಡು ಸುಮ್ಮನೆ ತಲೆಯಾಡಿಸಿದ.

ಎರಡನೆಯ ವಾರ ಮಗಳು ತಾಳ್ಮೆ ಕಳೆದುಕೊಂಡಳು. ಶಾಲೆಯಿಂದ ಬಂದವಳೇ ಬೀರುವಿನಿಂದ ಅಪ್ಪ ಅಮ್ಮನ ಮದುವೆಯ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟಳು. ಅಪ್ಪನನ್ನು ತೋಳು ಹಿಡಿದು ಎಳೆದು ತಂದು ಅದರ ಪಕ್ಕ ನಿಲ್ಲಿಸಿದಳು.

“ನೋಡಮ್ಮ. ಇದು ಯಾರು? ಇದು ಯಾರು?”

ಅವಳು ಫೋಟೋ ನೋಡಿದಳು, ಅವನನ್ನು ನೋಡಿದಳು. “ಹೌದಲ್ಲ, ಸ್ವಲ್ಪ ಹೋಲಿಕೆ ಇದೆ” ಅಂದಳು. “ಇವನು ಸ್ವಲ್ಪ ಎತ್ತರ. ಬೇಜಾರು ಮಾಡ್ಕೋಬೇಡಿ.”

“ಅಮ್ಮ, ಇವರೇ ಅವರು. ಇದು ಅಪ್ಪ. ಬಾಡಿಗೇನೂ ಇಲ್ಲ ಏನೂ ಇಲ್ಲ. ಅಜ್ಜಿ ಸುಳ್ಳು ಹೇಳಿದ್ದು.”

ಅವಳ ಕಣ್ಣು ಒಬ್ಬರಿಂದ ಒಬ್ಬರಿಗೆ ಹರಿಯಿತು. ಅವನ ಮುಖಕ್ಕೆ ಬಂದು ಅಲ್ಲೇ ನಿಂತಿತು, ಅದರಲ್ಲಿ ತುಂಬಿಕೊಂಡ ಹೆದರಿಕೆ ಅವನು ಸಾಯುವವರೆಗೆ ಮರೆಯುವಂಥದ್ದಲ್ಲ. ಅವನನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳಿದಳು. ಇನ್ನೊಮ್ಮೆ ಕೇಳಲು ಬಾಯಿ ತೆರೆದವಳ ದವಡೆ ಬಿಗಿಯಿತು, ಮೈಯೆಲ್ಲ ಸೆಟೆದುಕೊಂಡು ಫಿಟ್ಸ್ ಬಂತು. ನೆಲಕ್ಕೆ ಬೀಳುವ ಮೊದಲು ಹಿಡಿದುಕೊಂಡವನು ಅವನೇ.

ಇನ್ನೊಮ್ಮೆ ಹೀಗಾದರೆ ಎಚ್ಚರ ಬರದೇ ಹೋಗಬಹುದು, ಬಲವಂತ ಬೇಡವೇ ಬೇಡ ಎಂದು ವೈದ್ಯೆ ಖಂಡಿತವಾಗಿ ಹೇಳಿದಳು. ಮಗಳು ಎರಡು ದಿನ ಯಾರ ಜೊತೆಗೂ ಮಾತಾಡದೆ ಪಾತ್ರೆ ತೊಳೆದಳು. ಎಚ್ಚರವಾದ ಅವಳಿಗೆ ಅದೇನೂ ನೆನಪಿರಲಿಲ್ಲ, ಫೋಟೋ ಮತ್ತೆ ಬೀರು ಸೇರಿತು. ಆಮೇಲೆ ಮನೆಯಲ್ಲಿ ಬಾಡಿಗೆಯವರು ಸುಳ್ಳು ಅನ್ನುವ ವಿಷಯ ಯಾರೂ ಎತ್ತಲಿಲ್ಲ, ಗಂಡನೂ ಹೆಂಡತಿಗೆ ‘ನೀವು’ ಅನ್ನುವುದನ್ನು ಕಲಿತ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುವ ಮಾತಿದೆಯಲ್ಲ, ಜಗಳವೇ ಇಲ್ಲದ ಮೇಲೆ ಉಂಡರೂ ಅವನಿಗೆ ಮಲಗಿದಂತಾಗುತ್ತಿರಲಿಲ್ಲ.

ಅವನ ಕೆಲಸ ಲಿಫ್ಟು ರಿಪೇರಿ. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಒಂದೊಂದು ಮೆಷಿನ್ ರೂಮು ಇರುತ್ತದೆ. ಅಲ್ಲಿ ಕೂತು ಗ್ರೀಸು ಮೆತ್ತಿಕೊಂಡು ತಂತಿಹಗ್ಗಗಳನ್ನು ಪರೀಕ್ಷಿಸುವವನನ್ನು ಊರೆಲ್ಲ ಲಿಫ್ಟಿನವನು ಅನ್ನುತ್ತದೆ. ಮೂರನೆಯ ವಾರ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಹದಿನಾಲ್ಕನೆಯ ಮಹಡಿಯ ಮೇಲಿನಿಂದ ಮನೆಗೆ ಫೋನು ಮಾಡಿದ, ಮಧ್ಯಾಹ್ನದ ಮಾತ್ರೆ ಕೊಡುವುದನ್ನು ತಾಯಿಗೆ ನೆನಪಿಸಲು. ಮುದುಕಿ ಸ್ನಾನಕ್ಕೆ ಹೋಗಿದ್ದಳು. ಹಾಲ್‌ನಲ್ಲಿದ್ದ ಫೋನು ಎತ್ತಿದವಳು ಹೆಂಡತಿ.

“ಹಲೋ” ಅಂದ ಅವನು, ಅಷ್ಟೇ.

ಆ ಕಡೆ ಉಸಿರು ನಿಂತಂತಾಯಿತು. ಆಮೇಲೆ, “ಲೋ. ಎಲ್ಲಿ ಸತ್ತಿದ್ದೀಯೋ ಇಷ್ಟು ದಿನ?”

ಲಿಫ್ಟಿನವನು ಸ್ಪ್ಯಾನರು ಕೆಳಗಿಟ್ಟ. ನಿಂತಿದ್ದವನು ಎಣ್ಣೆ ಡಬ್ಬದ ಮೇಲೆ ಕೂತ. ಅವಳು ಬೈದಳು. ನಾನು ಮನೆಗೆ ಬಂದ ಮೇಲೆ ಒಂದು ಫೋನು ಮಾಡಬಾರದಾ, ನಿನ್ನ ಕೈಗೆ ಏನಾಗಿತ್ತು, ನಾನು ಬದುಕಿದ್ದೀನೋ ಸತ್ತಿದ್ದೀನೋ ಅಂತಾದರೂ ಕೇಳಬೇಡವಾ, ಅಲ್ಲಿ ಊಟ ಹಾಕ್ತಾರಾ, ಏನು ಹಾಕ್ತಾರೆ, ಒಳಗಿನ ಬನಿಯನ್ನು ದಿನಾ ಬದಲಾಯಿಸ್ತೀಯಾ ಇಲ್ಲವಾ ಎಂದು ಒಂದೇ ಉಸಿರಿಗೆ ಕೇಳಿದಳು.  ಹದಿನೆಂಟು ವರ್ಷ ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದ ಬೈಗುಳವನ್ನು ಅವನು ಈಗ ಒಂದಕ್ಷರ ಬಿಡದೆ ಕೇಳಿದ. ಯಾವಾಗ ಬಿಡ್ತಾರಂತೆ ಅಂದದ್ದಕ್ಕೆ ಮಾತ್ರ, ಇನ್ನೂ ಸ್ವಲ್ಪ ದಿನ ಅಂತೆ ಅಂದ.

ಸಂಜೆ ಮನೆಗೆ ಬಂದರೆ ಅವಳ ಮುಖ ಕಳೆಕಳೆಯಾಗಿತ್ತು. “ನಮ್ಮವನ ಫೋನು ಬಂದಿತ್ತು” ಅಂದಳು ಅವನಿಗೆ. “ಚೆನ್ನಾಗಿದ್ದಾನಂತೆ. ನಿಮಗೆ ಹೇಳೋಣ ಅಂತ ಕಾಯ್ತಿದ್ದೆ.”

“ಒಳ್ಳೇದಾಯ್ತು” ಅಂದ ಅವನು. “ನನಗೂ ಸಂತೋಷ.”

ಆ ಸಂತೋಷದಲ್ಲಿ ಸುಳ್ಳೇನೂ ಇರಲಿಲ್ಲ.

ಅಲ್ಲಿಂದ ದಿನಾ ಹನ್ನೊಂದಕ್ಕೆ ಅವನು ಗಂಡ, ಆರಕ್ಕೆ ಬಾಡಿಗೆಯವನು. ಫೋನು ಕಿವಿಗೆ ಬಂದರೆ ಕಣ್ಣಿಗೆ ಕೆಲಸವಿಲ್ಲ, ಕಿವಿಯ ದಾರಿ ಕೆಟ್ಟಿಲ್ಲದಿರಬಹುದು ಎಂದು ವೈದ್ಯೆ ಹೇಳಿದಳು, ಹಾಗೇ ಮುಂದುವರಿಸಿ ಅಂದಳು. ಫೋನಿನಲ್ಲಿ ಅವರು ಮೊದಲಿನ ಹಾಗೇ ಜಗಳವಾಡಿದರು, ಪೊರಕೆ ಎಲ್ಲಿಟ್ಟಿದ್ದೆ ಅನ್ನುವುದರಿಂದ ಹಿಡಿದು ಮಗಳನ್ನು ಮುಂದೆ ಏನು ಓದಿಸಬೇಕು ಅನ್ನುವವರೆಗೆ. ಅವನು ಲಿಫ್ಟಿನ ಬಾವಿಯಲ್ಲಿ ಸಿಳ್ಳು ಹಾಕಿಕೊಂಡು ಕೆಲಸ ಮಾಡುತ್ತಿದ್ದ. ಜೊತೆಯ ಕೆಲಸಗಾರರು, ಹೆಂಡತಿಗೆ ಅಷ್ಟು ಕಾಯಿಲೆ, ಇವನಿಗೇನು ಬಂತು ಎಂದು ಮಾತಾಡಿಕೊಂಡರು.

ಮಗಳಿಗೆ ಇದು ಸರಿಬರಲಿಲ್ಲ. ಒಂದು ಸಂಜೆ ಅಮ್ಮ ಮಲಗಿದ್ದಾಗ ಹೇಳಿಯೇ ಬಿಟ್ಟಳು. “ಅಪ್ಪ, ನೀನು ಅಮ್ಮನಿಗೆ ಮೋಸ ಮಾಡ್ತಿದ್ದೀಯ.”

“ಯಾರ ಜೊತೆ ಸೇರ್ಕೊಂಡು?”

“ನಿನ್ನ ಜೊತೇನೇ.”

ಮುದುಕಿ ಮಧ್ಯೆ ಬಾಯಿ ಹಾಕಿದಳು. “ಸುಮ್ಮನಿರೇ. ಇಡೀ ಗಂಡ ಸಿಗಲ್ಲ ಅಂದ್ರೆ ಅರ್ಧರ್ಧ ಸಿಗಲಿ. ಎಷ್ಟೋ ಜನಕ್ಕೆ ಅಷ್ಟೂ ಇಲ್ಲ.” ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ಹದಿನೆಂಟು ವರ್ಷ ನಾನು ಬೇಡಿದ ಬಹುವಚನ ಬಂತು. ತಗೊಂಡು ಎಲ್ಲಿಡ್ಲಿ” ಅಂದಳು.

ಆದರೆ ಬಾಡಿಗೆಯವನೂ ಸುಮ್ಮನಿರಲಿಲ್ಲ. ಮೊದಲಾದರೆ ಕೆಲಸದಿಂದ ಬಂದು ಕಾಲು ಚಾಚಿ ಕೂರುತ್ತಿದ್ದ ಗಂಡಸು, ಈಗ ಪರರ ಮನೆಯಲ್ಲಿದ್ದೇನೆ ಅನ್ನುವ ದಾಕ್ಷಿಣ್ಯಕ್ಕೋ ಏನೋ, ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾನೇನಾದರೂ ಮಾಡಲೇ ಎಂದು ಕೇಳಿದ. ಅವಳ ನಡುಗುವ ಕೈಯಲ್ಲಿ ಚಾಕು ನೋಡಲಾರದೆ ಆಲೂಗಡ್ಡೆ ಸುಲಿದುಕೊಟ್ಟ. ದಿನಾ ಸುಲಿದ. ಈರುಳ್ಳಿ ಹೆಚ್ಚಿದ. ಅವಳ ಕನಸು ಕೇಳಿದ. ಗಂಡನಾಗಿದ್ದಾಗ ಅವನು ಎಂದಾದರೂ ಅವಳ ಕನಸು ಕೇಳಿದ್ದನೇ? ತಲೆನೋವಿನ ದಿನ ಅವಳ ಪಕ್ಕ ಮಾತಿಲ್ಲದೆ ಕೂತಿದ್ದ, ನೀಲಿ ಬೆಳಕು ಗೋಡೆಯಿಂದ ನೆಲಕ್ಕೆ ಇಳಿಯುವವರೆಗೆ.

ಮರುದಿನ ಹನ್ನೊಂದಕ್ಕೆ ಫೋನಿನಲ್ಲಿ ಅವಳು, “ನೀನು ಜನ್ಮದಲ್ಲಿ ಒಂದು ಆಲೂಗಡ್ಡೆ ಸುಲಿದವನಲ್ಲ” ಅಂದಳು. “ಅವರನ್ನ ನೋಡಿ ಕಲಿ.”

“ಯಾರವರು?” ಎಂದ ಅವನು, ಬೇಕೆಂದೇ.

“ಅದೇ, ಬಾಡಿಗೆಯವರು.”

ಹೆಂಗಸರಿಗೆ ಸವತಿ ಮತ್ಸರ ಅಂತಾರೆ. ಗಂಡಸಿಗೆ ತನ್ನ ಮೇಲೇ ಹುಟ್ಟಿದ ಮತ್ಸರಕ್ಕೆ ಭಾಷೆಯಲ್ಲಿ ಹೆಸರಿಲ್ಲ. ಆ ಸಂಜೆ ಅವನು ಆಲೂಗಡ್ಡೆ ಮುಟ್ಟಲಿಲ್ಲ, ತಲೆ ಕೆಟ್ಟಿದೆ ಎಂದು ಕೋಣೆ ಸೇರಿದ. ಅವಳು ಬಾಗಿಲ ಹೊರಗೆ ಚಹಾ ಇಟ್ಟು, ಬೆರಳಿನಿಂದ ಎರಡು ಸಲ ತಟ್ಟಿ ಹೋದಳು.

ಆರನೆಯ ವಾರದ ಬುಧವಾರ ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು. ಬೈಯಲಿಲ್ಲ. “ಲೋ, ನೀನು ಬೇಗ ಬಂದುಬಿಡು” ಅಂದಳು. ಯಾಕೆ ಎಂದು ಕೇಳಿದ. 

“ಅವರನ್ನ ಮನೆ ಬಿಡಿಸಬೇಕು ಅಂತಿದ್ದೀನಿ.”

“ಏನು ಮಾಡಿದರು ಅವರು?”

“ಏನೂ ಮಾಡಿಲ್ಲ. ಒಳ್ಳೆಯವರು. ಅದಕ್ಕೇ.” ಆಮೇಲೆ ಹೇಳಿದಳು, “ಅವರು ಸಂಜೆ ಬರೋದನ್ನ ನಾನು ಕಾಯೋ ಹಾಗಾಗಿದೆ ಕಣೋ. ನಿನ್ನ ಹತ್ರ ಮುಚ್ಚಿಡಕ್ಕೆ ಆಗಲ್ಲ.”

ಹದಿನಾಲ್ಕು ಮಹಡಿಯ ಕೆಳಗೆ ಯಾರೋ ಲಿಫ್ಟಿನ ಗುಂಡಿ ಒತ್ತಿ ಒತ್ತಿ ಸಾಕಾಗಿ ಕೂಗುತ್ತಿದ್ದರು. ಅವನಿಗೆ ಒಂದು ಕಡೆ ಎದೆ ಉಬ್ಬಿತು, ಇನ್ನೊಂದು ಕಡೆ ಕುಸಿಯಿತು. ಹೀಗೂ ಒಂದು ಪರಿಸ್ಥಿತಿ ಉಂಟೇ? ಇರಿಸಿಕೋ ಅಂದರೆ ಗಂಡನಿಗೆ ದ್ರೋಹ, ಕಳಿಸು ಅಂದರೆ ತನಗೇ ಬೀದಿ. ನಿನಗೆ ಹೇಗೆ ಸರಿ ಅನ್ನಿಸುತ್ತೋ ಹಾಗೆ ಮಾಡು ಅಂದ. ಅವಳಿಗೆ ಯಾವುದು ಸರಿ ಅನ್ನಿಸುತ್ತದೆಂದು ಅವನಿಗೆ ಗೊತ್ತಿತ್ತು.

ಅಂದೇ ಸಂಜೆ ಅವಳು ಚಿಕ್ಕ ಕೋಣೆಯ ಬಾಗಿಲಿಗೆ ಬಂದು, ಎರಡೂ ಕೈ ಒಂದರಲ್ಲೊಂದು ಹಿಡಿದು ನಡುಕ ಅಡಗಿಸಿಕೊಂಡು, ಭಾನುವಾರದೊಳಗೆ ಬೇರೆ ಕಡೆ ನೋಡಿಕೊಂಡರೆ ಒಳ್ಳೆಯದಿತ್ತು ಎಂದು ಹೇಳಿದಳು. ಅವರ ಕಡೆಯಿಂದ ಏನೂ ತಪ್ಪಿಲ್ಲ, ತಪ್ಪು ತಿಳಿಯಬಾರದು ಎಂದೂ ಹೇಳಿದಳು. ಅವನು ಆಗಲಿ ಅಂದ. ಅವಳು ಹೋಗದೆ ಒಂದು ಕ್ಷಣ ನಿಂತಿದ್ದು, “ಎಲ್ಲಿ ಇದ್ದರೂ ಊಟ ಹೊತ್ತು ಹೊತ್ತಿಗೆ ಮಾಡಿ” ಅಂದಳು.

ಮುದುಕಿ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಹಾಲು ಉಕ್ಕಿದ್ದರೆ ಉಕ್ಕಲಿ ಅಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅಂದಳು. ಮಗಳು, ನಿಜ ಹೇಳಿಬಿಡೋಣ ಅನ್ನಲು ಹೋಗಿ, ನೆಲದ ಮೇಲೆ ಅಮ್ಮ ಸೆಟೆದುಕೊಂಡದ್ದು ನೆನಪಾಗಿ ತುಟಿ ಕಚ್ಚಿಕೊಂಡಳು. ಲಿಫ್ಟಿನವನು ತನ್ನ ಕಂಪನಿಯ ಡಿಪೋದ ಹಿಂದಿನ ವಿಶ್ರಾಂತಿ ಕೋಣೆಯಲ್ಲಿ ಒಂದು ಮಂಚ ಕೇಳಿಕೊಂಡು ಬಂದ. ಶನಿವಾರ ನಾಲ್ಕು ಅಂಗಿ, ಎರಡು ಪ್ಯಾಂಟು ಮಡಚಿ ಚೀಲಕ್ಕೆ ಹಾಕಿದ. ಹೋಗಿ ಅಲ್ಲಿಂದ ದಿನಾ ಹನ್ನೊಂದಕ್ಕೆ ಫೋನು ಮಾಡುವುದು, ಉಳಿದ ಆಯುಷ್ಯವನ್ನು ಹಾಗೇ ದನಿಯಾಗಿ ಕಳೆಯುವುದು ಅಂದುಕೊಂಡ. ಅಂದುಕೊಂಡರೆ ಅತ್ತುಬಿಡುವಷ್ಟು ಕಷ್ಟವಾಯಿತು.

ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಹೇಳಿ ಹೋಗೋಣವೆಂದು ಹುಡುಕಿದರೆ ಅವಳು ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಳೆ ಎಂದಳು ಮಗಳು. ಅವನು ಮೆಟ್ಟಿಲು ಹತ್ತಿದ. ನಾಲ್ಕು ಹಗ್ಗಗಳ ತುಂಬ ಮನೆಯ ಬಿಳಿ ಹೊದಿಕೆಗಳು ಒದ್ದೆಯಾಗಿ ನೆಲಕ್ಕೆ ಒಂದು ಗೇಣು ಬಿಟ್ಟು ಇಳಿಬಿದ್ದಿದ್ದವು. ಗಾಳಿ ಬಂದಾಗ ಎಲ್ಲವೂ ಒಟ್ಟಿಗೆ ಉಬ್ಬಿ, ತಾರಸಿಯೇ ಎಲ್ಲಿಗೋ ಹೊರಟ ಹಾಗೆ ಕಾಣುತ್ತಿತ್ತು. ಕೊನೆಯ ಸಾಲಿನ ಹಿಂದೆ ಅವಳ ಪಾದ ಕಂಡಿತು, ಹೊದಿಕೆಯ ಅಂಚಿನ ಮೇಲೆ ಎರಡು ಬೆರಳು ಕಂಡವು. ಬೆರಳಲ್ಲಿ ಕ್ಲಿಪ್ಪು ನಡುಗುತ್ತಿತ್ತು, ಹಗ್ಗಕ್ಕೆ ಕೂರುತ್ತಿರಲಿಲ್ಲ. ಒಂದು ಸಲ, ಎರಡು ಸಲ, ಮೂರನೆಯ ಸಲ ಬಿದ್ದೇ ಹೋಯಿತು.

“ಬಿಡೇ, ನಾನು ಹಾಕ್ತೀನಿ” ಅಂದ ಅವನು. ಬಾಡಿಗೆಯವನ ‘ನೀವು’ ಅವನಿಗೆ ಮರೆತೇಹೋಗಿತ್ತು.

ಬೆರಳು ಅಲ್ಲೇ ನಿಂತವು.

“ಬಂದ್ಯಾ?” ಅಂದಳು ಅವಳು ಹೊದಿಕೆಯ ಆಚೆಯಿಂದ.

“ಬಂದೆ.”

“ಯಾವಾಗ ಬಿಟ್ಟರು?”

ಅವನು ಉತ್ತರ ಹುಡುಕುತ್ತಾ ಎರಡು ಹೆಜ್ಜೆ ಮುಂದೆ ಬಂದು ಹೊದಿಕೆಯ ಅಂಚಿಗೆ ಕೈ ಹಾಕಿದ. ಅವಳ ಕೈ ಆ ಕಡೆಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡಿತು.

“ಬೇಡ. ಈ ಕಡೆ ಬರಬೇಡ.”

“ಯಾಕೆ?”

“ಬಂದ್ರೆ ನೀನು ನೀವಾಗಿಬಿಡ್ತೀಯ.”

ಗಾಳಿ ನಿಂತಿತು. ಒದ್ದೆ ಬಟ್ಟೆಯಿಂದ ಸೋಪಿನ ವಾಸನೆ ಬರುತ್ತಿತ್ತು. ನಿನಗೆ ಗೊತ್ತಾ ಎಂದು ಅವನು ಕೇಳಿದ.

“ನಾನು ಲಾಂಡ್ರಿಯವಳು ಕಣೋ” ಅಂದಳು. “ಎರಡು ವಾರದಿಂದ ಅವರ ಅಂಗಿ ಒಗೀತಿದ್ದೀನಿ. ಬಲಗೈ ತೋಳಿಗೆ ನಿನ್ನ ಗ್ರೀಸು. ಕಾಲರು ಎಡಗಡೆ ಸವೆದಿದೆ, ನೀನು ಕತ್ತು ಓರೆ ಮಾಡೋ ಕಡೆ. ಒಂದಕ್ಕೆ ನಾನೇ ಹಾಕಿದ ಹೊಲಿಗೆ ಇದೆ. ಅವನ ಅಂಗಿ ಇವರು ಯಾಕೆ ಹಾಕ್ಕೊಳ್ತಾರೆ ಅಂತ ಮೊದಲು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ.”

“ಮತ್ತೆ ಹೋಗು ಅಂದೆಯಲ್ಲ.”

“ಅಂಗಿ ನಿನ್ನದು ಅಂತ ಕೈಗೆ ಗೊತ್ತು. ಮುಖ ನೋಡಿದ್ರೆ ಬೇರೆ ಯಾರೋ. ದಿನಾ ಸಂಜೆ ಇವತ್ತು ಗೊತ್ತಾಗುತ್ತೆ ಅಂತ ಬಾಗಿಲು ತೆಗೀತೀನಿ, ಆಗಲ್ಲ.” ಅವಳು ಅಳುತ್ತಿದ್ದಳು. “ಪರಗಂಡಸನ್ನ ನಿನ್ನ ಅಂಗಿಯಲ್ಲಿ ಎಷ್ಟು ದಿನ ನೋಡ್ಲಿ ಹೇಳು.”

 ಅವನು ಬಗ್ಗಿ, ಬಿದ್ದಿದ್ದ ಕ್ಲಿಪ್ಪು ಎತ್ತಿ, ಈ ಕಡೆಯಿಂದಲೇ ಹಗ್ಗಕ್ಕೆ ಹಾಕಿದ. ಇನ್ನೊಂದು ಕೇಳಿದ, ಅವಳು ಅಂಚಿನ ಮೇಲಿನಿಂದ ಕೊಟ್ಟಳು. ಅದನ್ನೂ ಹಾಕಿದ. ಹೀಗೆ ಒಂದೊಂದಾಗಿ, ಮಧ್ಯೆ ಬಟ್ಟೆ ಇಟ್ಟುಕೊಂಡೇ, ಇಬ್ಬರೂ ಆ ಸಾಲು ಮುಗಿಸಿದರು.

“ಅವರು ಎಲ್ಲಿಗೆ ಹೋಗ್ತಾರಂತೆ?” ಕೇಳಿದಳು ಕೊನೆಗೆ.

“ಡಿಪೋದಲ್ಲಿ ಒಂದು ಮಂಚ ಇದೆ.”

“ಅಲ್ಲಿ ತಿಗಣೆ.”

“ಹೌದು, ತಿಗಣೆ.”

“ನೀನು ಏನು ಹೇಳ್ತೀಯ, ಅವರು ಇದ್ದರೆ ನಿನಗೆ ಬೇಜಾರಿಲ್ವಾ?”

ಅವನು ಯೋಚಿಸಿ ಹೇಳಿದ. “ಸ್ವಲ್ಪ ಇದೆ. ಆದರೂ ಇರಲಿ. ನನಗಿಂತ ಚೆನ್ನಾಗಿ ಆಲೂಗಡ್ಡೆ ಸುಲೀತಾರಂತೆ.”

ಅವಳು ಮೂಗೊರೆಸಿಕೊಂಡು ನಕ್ಕದ್ದು ಕೇಳಿಸಿತು. ನೀನು ಮೊದಲು ಇಳಿ, ನಾನು ಆಮೇಲೆ ಬರ್ತೀನಿ ಅಂದಳು. ಅವನು ಇಳಿದು ಬಂದ. ಚೀಲವನ್ನು ಮುಟ್ಟದೆ, ಕೈ ತೊಳೆದುಕೊಂಡು, ಏನು ಮಾಡಬೇಕೆಂದು ತಿಳಿಯದೆ ಊಟದ ಮೇಜಿನ ಪಕ್ಕ ನಿಂತ. ಮಗಳು ಮತ್ತು ಮುದುಕಿ ಅವನ ಮುಖ ನೋಡಿದರು, ಅವನು ತಲೆ ಅಲ್ಲಾಡಿಸಿದ. ಹೌದೋ ಅಲ್ಲವೋ ಅವರಿಗೆ ಗೊತ್ತಾಗಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಹೆಂಡತಿ ಬಂದಳು. ಖಾಲಿ ಬುಟ್ಟಿ ಕೆಳಗಿಟ್ಟು ತಲೆಯೆತ್ತಿ ಅವನನ್ನು ನೋಡಿದಳು. ಮೂಗು, ಹಣೆ, ಕಿವಿ, ಒಂದೊಂದನ್ನೇ ಬಿಡಿಸಿ ಬಿಡಿಸಿ ನೋಡಿದಳು. ಗುರುತು ಹತ್ತಲಿಲ್ಲ. ಹತ್ತಲಿಲ್ಲ ಅನ್ನುವುದು ಅವಳ ಮುಖದಲ್ಲೇ ಕಂಡಿತು, ಅವನು ಅದನ್ನು ನೋಡಿ ಕಣ್ಣು ಕೆಳಗೆ ಹಾಕಿದ. ಅವಳು ಒಂದು ತಟ್ಟೆ ತಂದಳು, ಒಂದೇ. ಅವನ ಮುಂದೆ ಇಟ್ಟು, ಅನ್ನ ಹಾಕಿ, ಕುರ್ಚಿ ಹಿಂದಕ್ಕೆ ಎಳೆದಳು.

“ನೀವು ಕೂತ್ಕೋ” ಅಂದಳು.

ವ್ಯಾಕರಣ ತಿದ್ದಲು ಬಾಯಿ ತೆರೆದ ಮುದುಕಿ ಬಾಯಿ ಮುಚ್ಚಿಕೊಂಡಳು. ಅವನು ಕೂತ.